ಕೆಲಸದಲ್ಲಿ ಕುಗ್ಗದಿರಲು ಜೊತೆ ಬೇಕು: ದುಡಿಯುವವರ ಮನಸ್ಸಿಗೊಂದು ಮಾರ್ಗದರ್ಶಿ

ಕೆಲಸದ ಹೊರೆ ಹೆಚ್ಚಾದಾಗ ಮೊದಲು ನಿಲ್ಲುವುದು ಮಾತು. ಎಲ್ಲರ ಜೊತೆ ಕೂತು ಮಾಡುತ್ತಿದ್ದ ಊಟ ಕಂಪ್ಯೂಟರಿನ ಮುಂದಕ್ಕೆ ಬರುತ್ತದೆ. 'ಆಮೇಲೆ ಫೋನ್ ಮಾಡ್ತೀನಿ' ಅಂದದ್ದು ಹಾಗೇ ಉಳಿದುಹೋಗುತ್ತದೆ. ಪಕ್ಕದ ಮೇಜಿನವರು 'ಹೇಗಿದ್ದೀರಿ' ಅಂದರೆ ತಲೆ ಎತ್ತದೆ 'ಆರಾಮ್' ಅಂದುಬಿಡುತ್ತೇವೆ. ದಿನಕ್ಕೆ ಅರ್ಧ ಗಂಟೆ ಉಳಿಯಿತು ಎಂಬ ಸಮಾಧಾನ ಬೇರೆ. ಬಳಲಿದ ಮನಸ್ಸನ್ನು ಪ್ರತಿದಿನ ಎಬ್ಬಿಸಿ ನಿಲ್ಲಿಸುತ್ತಿದ್ದದ್ದು ಆ ಅರ್ಧ ಗಂಟೆಯೇ ಎಂಬುದು ಗೊತ್ತಾಗುವ ಹೊತ್ತಿಗೆ ನಿದ್ದೆ ಕೆಟ್ಟಿರುತ್ತದೆ, ಸಣ್ಣಪುಟ್ಟದ್ದಕ್ಕೆಲ್ಲ ರೇಗುವುದು ಶುರುವಾಗಿರುತ್ತದೆ.

ಕಷ್ಟ ಬಂದಾಗ ಬಿದ್ದರೂ ಏಳುವ ಶಕ್ತಿಯನ್ನು ಹುಟ್ಟಾ ಬಂದ ಗಟ್ಟಿತನ ಎಂದು ತಿಳಿದವರು ಬಹಳ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಸುಮಾರು 700 ಮಕ್ಕಳನ್ನು ಮನಃಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸುತ್ತ ಬಂದರು. ಬಡತನ, ಮನೆಯೊಳಗಿನ ಜಗಳ, ಹೆತ್ತವರ ಕಾಯಿಲೆ ಇವೆಲ್ಲದರ ನಡುವೆ ಬೆಳೆದವರಲ್ಲೂ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರು ಬದುಕನ್ನು ನೆಟ್ಟಗೆ ಕಟ್ಟಿಕೊಂಡರು. ಅಂಥವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು ನಂಬಿಕೊಳ್ಳಬಹುದಾದ ಒಂದು ಜೀವ. ಅಪ್ಪ ಅಮ್ಮನೇ ಆಗಬೇಕಿರಲಿಲ್ಲ. ಅಜ್ಜಿಯೋ ಮೇಷ್ಟ್ರೋ ನೆರೆಯವರೋ ಆದರೂ ಸಾಕಾಗಿತ್ತು.

ಈಚಿನ ಇನ್ನೊಂದು ಅಧ್ಯಯನವೂ ಕಣ್ತೆರೆಸುವಂಥದ್ದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 46,000ಕ್ಕೂ ಹೆಚ್ಚು ನೌಕರರ ಉತ್ತರಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದರು. ಕಂಪನಿ ಕೊಟ್ಟ ಧ್ಯಾನದ ತರಗತಿ, ಒತ್ತಡ ನಿರ್ವಹಣೆಯ ತರಬೇತಿ, ಆ್ಯಪ್‌ಗಳನ್ನು ಬಳಸಿದವರು ಬಳಸದವರಿಗಿಂತ ಚೆನ್ನಾಗೇನೂ ಇರಲಿಲ್ಲ. ಸ್ವಲ್ಪ ಬೇರೆಯಾಗಿ ಕಂಡದ್ದು ಸ್ವಯಂಸೇವೆಯಲ್ಲಿ, ಅಂದರೆ ಇನ್ನೊಬ್ಬರಿಗಾಗಿ ಕೈಜೋಡಿಸಿದ ಕಡೆ. ಧ್ಯಾನ ಮಾಡುವವರು ಬಿಡಬೇಕಿಲ್ಲ. ಆದರೆ ಈ ಬರಹದಲ್ಲಿ ಹೆಚ್ಚು ಜಾಗ ಜನರಿಗೆ.

ಮೊದಲು ಎರಡು ವಾರ ಬರೆದಿಡಿ

ಏನು ಕೆಟ್ಟಿದೆ ಎಂದು ತಿಳಿಯದೆ ರಿಪೇರಿಗೆ ಕೈಹಾಕಬಾರದು. ಸಣ್ಣ ಪುಸ್ತಕವೊಂದನ್ನು ಇಟ್ಟುಕೊಂಡು ಹದಿನಾಲ್ಕು ದಿನ, ಕೆಲಸ ಮುಗಿಸಿ ಏಳುವ ಮುನ್ನ ಐದು ಸಂಗತಿ ಬರೆಯಿರಿ: ದಣಿವು ಹತ್ತಕ್ಕೆ ಎಷ್ಟು, ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ, ಕೆಲಸದ ವಿಷಯ ಬಿಟ್ಟು ಐದು ನಿಮಿಷವಾದರೂ ಯಾರ ಜೊತೆ ಮಾತಾಡಿದೆ, ಇವತ್ತು ಹೆಚ್ಚು ಹಿಂಡಿದ್ದು ಯಾವುದು, ಹಗುರ ಮಾಡಿದ್ದು ಯಾವುದು. ಒಂದು ದಿನದ ಬರಹ ಇಷ್ಟೇ ಇದ್ದರೆ ಸಾಕು:

'ಮಂಗಳವಾರ. ದಣಿವು 7. ನಿದ್ದೆ ಐದೂವರೆ. ಮಾತು: ಯಾರೂ ಇಲ್ಲ. ಹಿಂಡಿದ್ದು: ಮಧ್ಯಾಹ್ನ ಮೂರಕ್ಕೆ ಬಂದ "ಇವತ್ತೇ ಬೇಕು". ಹಗುರ: ಲೆಕ್ಕ ಕೊನೆಗೂ ತಾಳೆಯಾಯಿತು.'

ಎರಡೇ ಸಾಲು. ಕಾರಣ, ವಿವರಣೆ, ತನ್ನ ತಪ್ಪೇನು ಎಂಬ ವಿಚಾರಣೆ ಬೇಡ. ಹಾಗೆ ಬರೆಯಲು ಹೋದವರು ನಾಲ್ಕನೇ ದಿನಕ್ಕೆ ಬಿಟ್ಟುಬಿಡುತ್ತಾರೆ. ವಾರದ ಕೊನೆಗೆ ಕೂತು ನೆನಪಿನಿಂದ ತುಂಬುವುದೂ ಬೇಡ: ಕೆಟ್ಟ ವಾರದ ಕೊನೆಯಲ್ಲಿ ನೆನಪು ಒಳ್ಳೆಯ ಗಳಿಗೆಗಳನ್ನೆಲ್ಲ ನುಂಗಿಹಾಕಿರುತ್ತದೆ. ಎರಡು ವಾರ ಏಕೆಂದರೆ ಒಂದು ಕೆಟ್ಟ ದಿನ ನಮ್ಮನ್ನು ದಾರಿ ತಪ್ಪಿಸಬಾರದು. ವೈದ್ಯರು ಬಳಸುವ ಖಿನ್ನತೆಯ ಪ್ರಶ್ನಾವಳಿಗಳೂ ಕಳೆದ ಎರಡು ವಾರಗಳ ಬಗ್ಗೆಯೇ ಕೇಳುತ್ತವೆ.

ಹದಿನೈದನೆಯ ದಿನ ಪುಸ್ತಕ ತೆರೆದು ಎರಡು ಕಡೆ ನೋಡಿ. ರಜೆಯ ದಿನಗಳ ನಂತರ ದಣಿವಿನ ಅಂಕಿ ಇಳಿದಿದೆಯೇ? 7 ಇದ್ದದ್ದು 3ಕ್ಕೆ ಬಂದಿದ್ದರೆ ನಿಮ್ಮ ಚೇತರಿಕೆ ಚೆನ್ನಾಗಿದೆ, ಹೊರೆ ಮಾತ್ರ ಜಾಸ್ತಿ. ರಜೆ ಮುಗಿದರೂ 7 ಹಾಗೇ ಕೂತಿದ್ದರೆ ಚೇತರಿಸಿಕೊಳ್ಳುವ ದಾರಿಯೇ ಕಟ್ಟಿಕೊಂಡಿದೆ. ಇನ್ನೊಂದು, ಮಾತಿನ ಜಾಗದಲ್ಲಿ 'ಯಾರೂ ಇಲ್ಲ' ಎಷ್ಟು ಸಲ ಬಂದಿದೆ? ಅರ್ಧಕ್ಕಿಂತ ಹೆಚ್ಚು ದಿನ ಹಾಗೆ ಬರೆದಿದ್ದರೆ ಮುಂದಿನದೆಲ್ಲ ನಿಮಗಾಗಿಯೇ.

ಬರ್ನ್‌ಔಟ್ ಎಂಬ ಪದ ಈಗ ಎಲ್ಲರ ಬಾಯಲ್ಲಿದೆ, ಎರಡು ದಿನ ನಿದ್ದೆಗೆಟ್ಟರೂ ಅದೇ ಅನ್ನುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಇದಕ್ಕೆ ಮೂರು ಲಕ್ಷಣಗಳನ್ನು ಹೇಳಿದೆ: ಶಕ್ತಿಯೆಲ್ಲ ಬಸಿದುಹೋದಂಥ ದಣಿವು, ಕೆಲಸದಿಂದ ಮನಸ್ಸು ದೂರ ಸರಿದು ಅದರ ಬಗ್ಗೆ ಜಿಗುಪ್ಸೆ, ಮಾಡಿದ್ದು ಯಾವುದೂ ಫಲ ಕೊಡುತ್ತಿಲ್ಲ ಎಂಬ ಭಾವನೆ. ಅದು ಬರ್ನ್‌ಔಟನ್ನು ಕಾಯಿಲೆ ಎಂದು ಕರೆದಿಲ್ಲ. ಕೆಲಸದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಹುಕಾಲ ಬಿಟ್ಟದ್ದರಿಂದ ಉಂಟಾಗುವ ಸ್ಥಿತಿ ಎಂದಿದೆ. ಎರಡನೆಯ ಲಕ್ಷಣದ ಮೇಲೆ ಹೆಚ್ಚು ಕಣ್ಣಿಡಿ. ದಣಿವನ್ನು ಎಲ್ಲರೂ ಗುರುತಿಸುತ್ತಾರೆ. ಗಿರಾಕಿಯ ಫೋನ್ ಬಂದರೆ ಸಿಟ್ಟು, ಸಹೋದ್ಯೋಗಿಯ ನಗು ಕೇಳಿದರೆ ಕಿರಿಕಿರಿ, ಇದನ್ನು ಮಾತ್ರ 'ನನ್ನ ಸ್ವಭಾವವೇ ಹೀಗಾಯ್ತು' ಎಂದುಕೊಂಡು ಸುಮ್ಮನಾಗುತ್ತಾರೆ.

ಹೊರೆ ಯಾವ ಬಗೆಯದು

ಪುಸ್ತಕದ 'ಹಿಂಡಿದ್ದು' ಸಾಲುಗಳನ್ನು ಮೂರು ಗುಂಪು ಮಾಡಿ. ಕೆಲಸವೇ ಅತಿಯಾಗಿದೆ, ಇದು ಒಂದು. ಕೆಲಸ ಇಷ್ಟೇ, ಆದರೆ ಯಾವಾಗ, ಹೇಗೆ ಮಾಡಬೇಕೆಂಬುದು ನನ್ನ ಕೈಯಲ್ಲಿಲ್ಲ, ಇದು ಎರಡು. ಸಿಕ್ಕಿಹಾಕಿಕೊಂಡಾಗ ಕೇಳಲು ಯಾರೂ ಇಲ್ಲ, ಇದು ಮೂರು. ಬೇಡಿಕೆ ಹೆಚ್ಚಿದ್ದು ಹಿಡಿತ ಕಡಿಮೆ ಇರುವ ಕೆಲಸವೇ ಮನುಷ್ಯನನ್ನು ಹೆಚ್ಚು ಹಣ್ಣು ಮಾಡುತ್ತದೆ ಎಂಬುದನ್ನು ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ತೋರಿಸಿಕೊಟ್ಟರು. ಜೊತೆಯವರ ಆಸರೆಯೂ ಇಲ್ಲದಿದ್ದರೆ ಹಾನಿ ಇನ್ನೂ ಹೆಚ್ಚು ಎಂದು ಆಮೇಲಿನವರು ಸೇರಿಸಿದರು.

ಗುಂಪು ಮಾಡುವುದು ಏಕೆಂದರೆ ಮದ್ದು ಬೇರೆಬೇರೆ. ಮೊದಲನೆಯದಕ್ಕೆ ಕೆಲಸ ಕಡಿಮೆಯಾಗಬೇಕು ಅಥವಾ ಗಡುವು ಮುಂದೆ ಹೋಗಬೇಕು. ಎರಡನೆಯದಕ್ಕೆ ರಜೆ ಮದ್ದಲ್ಲ: ಹತ್ತು ದಿನ ಹೋಗಿಬಂದರೂ ಅದೇ ಕುರ್ಚಿ, ಅದೇ ಕಟ್ಟು. ಮೂರನೆಯದು ನೀವೇ ನಾಳೆಯಿಂದ ಶುರುಮಾಡಬಹುದಾದದ್ದು. ಒಂದು ಎಚ್ಚರಿಕೆ ಮಾತ್ರ ಮೊದಲನೆಯ ಗುಂಪಿನವರಿಗೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಜಂಟಿ ಅಧ್ಯಯನದ ಪ್ರಕಾರ ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ನಿಮ್ಮ ಗಂಟೆಗಳನ್ನು ಒಮ್ಮೆ ಕೂಡಿ ನೋಡಿ. ಮನೆಗೆ ಬಂದ ಮೇಲೆ ಮೊಬೈಲಿನಲ್ಲಿ ಮಾಡಿದ್ದೂ ಲೆಕ್ಕಕ್ಕೆ ಸೇರಬೇಕು.

ಜೊತೆ ಕಟ್ಟಿಕೊಳ್ಳುವುದು

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೋಗಬಾರದು. ಕುಸಿದುಬಿದ್ದ ದಿನ ಹೊಸದಾಗಿ ಸ್ನೇಹ ಮಾಡಲು ಆಗುವುದಿಲ್ಲ. ಅವತ್ತು ಫೋನ್ ಎತ್ತಿ ಹೆಸರು ಹುಡುಕುವ ಶಕ್ತಿಯೂ ಇರುವುದಿಲ್ಲ. ಚೆನ್ನಾಗಿರುವಾಗಲೇ ಮಾಡಿಟ್ಟುಕೊಳ್ಳಬೇಕಾದ ಏರ್ಪಾಡು ಇದು.

ದೊಡ್ಡ ಬಳಗ ಬೇಡ, ಮೂವರು ಸಾಕು. ನಿಮ್ಮ ಕೆಲಸದ ಒಳಹೊರಗು ಗೊತ್ತಿರುವ ಒಬ್ಬರು, ಯಾಕೆಂದರೆ ಅವರಿಗೆ 'ಇವತ್ತು ಆಡಿಟ್' ಅಂದರೆ ಸಾಕು, ವಿವರಿಸಬೇಕಿಲ್ಲ. ಆ ಕೆಲಸದ ಗಂಧಗಾಳಿಯೂ ಇಲ್ಲದ ಒಬ್ಬರು, ಅವರ ಜೊತೆ ಕೂತಾಗ ಕೆಲಸವೇ ಮರೆಯಬೇಕು. ಮತ್ತೊಬ್ಬರು ಏನಾದರೂ ಬದಲಾಯಿಸುವ ಅಧಿಕಾರ ಉಳ್ಳವರು: ಮ್ಯಾನೇಜರ್, ಹಿರಿಯರು, ಸಂಘದ ಪ್ರತಿನಿಧಿ. ಹಲವರು ಈ ಮೂರೂ ಪಾತ್ರವನ್ನು ಬಾಳಸಂಗಾತಿಯ ಮೇಲೆ ಹೇರುತ್ತಾರೆ. ದಿನಾ ಸಂಜೆ ಆಫೀಸಿನ ಕಥೆಯೆಲ್ಲ ಒಬ್ಬರ ಮೇಲೇ ಸುರಿದರೆ ಕೆಲವು ತಿಂಗಳಲ್ಲಿ ಮನೆಯೂ ಆಫೀಸೇ ಆಗಿಬಿಡುತ್ತದೆ.

ಒಟ್ಟಿಗೆ ಕೆಲಸ ಮಾಡಿದ ಮಾತ್ರಕ್ಕೆ ಸ್ನೇಹ ಬೆಳೆಯುವುದಿಲ್ಲ ಎಂಬುದನ್ನು ಮರೆಯಬೇಡಿ. ಕಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರ ಲೆಕ್ಕದಲ್ಲಿ ಪರಿಚಯ ಮೇಲುಮೇಲಿನ ಸ್ನೇಹವಾಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ಆಪ್ತತೆಗೆ 200 ಗಂಟೆಗೂ ಹೆಚ್ಚು. ಆದರೆ ಪಕ್ಕಪಕ್ಕ ಕೂತು ಕೆಲಸ ಮಾಡಿದ ಗಂಟೆಗಳಿಗೆ ಈ ಲೆಕ್ಕದಲ್ಲಿ ಬೆಲೆ ಕಡಿಮೆ. ಹರಟೆ, ಊಟ, ಸುಮ್ಮನೆ ಜೊತೆಗಿರುವುದಕ್ಕೆ ಹೆಚ್ಚು. ಐದು ವರ್ಷ ಒಂದೇ ಕೋಣೆಯಲ್ಲಿದ್ದೂ ಒಬ್ಬರಿಗೊಬ್ಬರು ಅಪರಿಚಿತರಾಗಿ ಉಳಿಯುವುದು ಹೀಗೆ.

ಶುರು ಮಾಡುವುದು ಹೀಗೆ. ಒಬ್ಬರನ್ನು ಆರಿಸಿಕೊಂಡು ವಾರಕ್ಕೆ ಎರಡು ಸಲ, ನಿಗದಿತ ಹೊತ್ತಿಗೆ, ಹತ್ತು ಹದಿನೈದು ನಿಮಿಷ ಇಟ್ಟುಕೊಳ್ಳಿ. 'ಯಾವಾಗಲಾದ್ರೂ ಸಿಗೋಣ' ಎಂಬುದು ಎಂದೂ ಆಗುವುದಿಲ್ಲ. 'ಬುಧವಾರ ಊಟದ ನಂತರ ಒಂದು ಸುತ್ತು ನಡೆದು ಬರೋಣ' ಎಂಬುದು ಆಗುತ್ತದೆ. ಮೊದಲ ಎರಡು ವಾರ ಭಾರವಾದ ವಿಷಯ ತೆಗೆಯಬೇಡಿ. ಸಣ್ಣದೊಂದು ಸಹಾಯ ಕೇಳಿ: 'ಈ ಪತ್ರ ಒಮ್ಮೆ ಓದಿ ನೋಡ್ತೀರಾ?' ಅವರು ಹೇಳಿದ್ದರಲ್ಲಿ ಒಂದನ್ನು ನೆನಪಿಟ್ಟುಕೊಂಡು ಮುಂದಿನ ಸಲ ವಿಚಾರಿಸಿ: 'ಮಗಳ ಪರೀಕ್ಷೆ ಹೇಗಾಯ್ತು?' ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಮಾಡುವುದಾದರೆ ಈ ಕೊನೆಯದನ್ನು ಮಾಡಿ. ನೆನಪಿಟ್ಟುಕೊಂಡು ಕೇಳುವವರು ಬಹಳ ಕಡಿಮೆ, ಅದಕ್ಕೇ ಅದು ಮನಸ್ಸಿಗೆ ತಟ್ಟುತ್ತದೆ.

ಸಂತೋಷದ ಸುದ್ದಿಗೆ ಕೊಡುವ ಉತ್ತರವೂ ಅಷ್ಟೇ ಮುಖ್ಯ. ಮನಃಶಾಸ್ತ್ರಜ್ಞೆ ಶೆಲ್ಲಿ ಗೇಬಲ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದಂತೆ, ಒಳ್ಳೆಯ ಸುದ್ದಿ ಹೇಳಿದಾಗ ಎದುರಿನವರು ಆಸ್ಥೆಯಿಂದ ಸ್ಪಂದಿಸಿದರೆ ಸಂಬಂಧ ಗಟ್ಟಿಯಾಗುತ್ತದೆ. 'ಬಡ್ತಿ ಸಿಕ್ತು' ಅಂದವರಿಗೆ 'ಒಳ್ಳೇದು' ಎಂದು ಮೊಬೈಲಿಗೆ ಮರಳುವುದು, 'ಹಾಗಾದ್ರೆ ಇನ್ನು ಕೆಲಸ ಡಬಲ್' ಎಂದು ತಣ್ಣೀರೆರಚುವುದು ಎರಡೂ ಒಂದೇ. 'ಹೌದಾ! ಯಾವಾಗ ಗೊತ್ತಾಯ್ತು? ಮನೇಲಿ ಏನಂದ್ರು?' ಎಂದು ಕೇಳಲು ಒಂದು ನಿಮಿಷ ಸಾಕು.

ಸಂಕೋಚದವರಿಗೆ ಒಂದು ಮಾತು. ಮೊದಲ ಸಲ ಮಾತಾಡಿ ಬಂದ ಮೇಲೆ 'ನಾನು ಏನೇನೋ ಮಾತಾಡಿದೆ, ಅವರಿಗೆ ಬೇಜಾರಾಗಿರಬೇಕು' ಎಂಬ ಕಸಿವಿಸಿ ಬಹಳ ಜನರಿಗೆ ಆಗುತ್ತದೆ. 2018ರ ಒಂದು ಅಧ್ಯಯನದಲ್ಲಿ ಅಪರಿಚಿತರನ್ನು ಮಾತಿಗೆ ಕೂರಿಸಿ ಇಬ್ಬರನ್ನೂ ಬೇರೆಬೇರೆ ಕೇಳಿದಾಗ, ಎದುರಿನವರಿಗೆ ತಮ್ಮ ಮೇಲೆ ಹುಟ್ಟಿದ್ದ ಇಷ್ಟವನ್ನು ಜನ ಕಡಿಮೆಯಾಗಿಯೇ ಅಂದಾಜು ಮಾಡಿದ್ದರು. ಬಹುಕಾಲದಿಂದ ಸಂಪರ್ಕ ತಪ್ಪಿದವರಿಗೆ ಕಳಿಸುವ ಸಂದೇಶದ ವಿಷಯದಲ್ಲೂ ಹೀಗೇ: ಅದು ಅವರಿಗೆ ಎಷ್ಟು ಹಿಡಿಸುತ್ತದೆ ಎಂಬುದನ್ನು ಕಳಿಸುವವರು ಕಡಿಮೆ ಎಣಿಸುತ್ತಾರೆ. ಆದ್ದರಿಂದ ಆ ಕಸಿವಿಸಿಯನ್ನು ನಂಬಬೇಡಿ.

ಮನೆಯಿಂದ ಕೆಲಸ ಮಾಡುವವರು ವಾರಕ್ಕೆ ಎರಡಾದರೂ ಮಾತನ್ನು ಸಂದೇಶದ ಬದಲು ಧ್ವನಿಯಲ್ಲಿ ಆಡಿ. ಬರೆದ 'ಸರಿ' ಸಿಟ್ಟಿನದೋ ಸುಸ್ತಿನದೋ ತಿಳಿಯುವುದಿಲ್ಲ. ಪಾಳಿಯಲ್ಲಿ ದುಡಿಯುವವರು ಪಾಳಿ ಬದಲಾಗುವ ಹತ್ತು ನಿಮಿಷವನ್ನು ಕಳೆದುಕೊಳ್ಳಬೇಡಿ, ಅವರಿಗೆ ಸಿಗುವ ಜೊತೆ ಅಷ್ಟೇ.

ಯಾರನ್ನು ಆರಿಸಬಾರದು? ಇನ್ನೊಬ್ಬರ ಗುಟ್ಟನ್ನು ನಿಮ್ಮ ಮುಂದೆ ಬಿಚ್ಚುವವರನ್ನು. ನಿಮ್ಮದೂ ನಾಳೆ ಹಾಗೇ ಬಿಚ್ಚಿಕೊಳ್ಳುತ್ತದೆ.

ಹೇಳಿಕೊಳ್ಳುವ ಬಗೆ

ಹೇಳಿಕೊಂಡರೆ ಮನಸ್ಸು ಹಗುರ ಎಂಬುದು ಅರ್ಧ ನಿಜ. ಇಬ್ಬರು ಕೂತು ಅದೇ ಬಾಸ್, ಅದೇ ಅನ್ಯಾಯವನ್ನು ದಿನಾ ಮೆಲುಕು ಹಾಕುತ್ತಿದ್ದರೆ ಸ್ನೇಹ ಗಾಢವಾಗುತ್ತದೆ, ಜೊತೆಗೇ ಖಿನ್ನತೆಯೂ ಗಾಢವಾಗಬಹುದು. ಹದಿಹರೆಯದವರ ಗೆಳೆತನವನ್ನು ಅಧ್ಯಯನ ಮಾಡಿದ ಅಮಾಂಡಾ ರೋಸ್ ಇದನ್ನು 2002ರಲ್ಲೇ ಗುರುತಿಸಿದರು. ದೊಡ್ಡವರ ಕ್ಯಾಂಟೀನ್ ಮೇಜಿನಲ್ಲೂ ಇದೇ ನಡೆಯುತ್ತದೆ.

ಹಾಗಾಗಿ ಇಪ್ಪತ್ತು ನಿಮಿಷ ಸಿಕ್ಕರೆ ಮೊದಲ ಹದಿನೈದು ನಿಮಿಷ ಹೇಳಿಕೊಳ್ಳಲು, ಕೊನೆಯ ಐದು 'ನಾಳೆ ಏನು' ಎಂಬುದಕ್ಕೆ. ನಾಳೆಯದು ಪುಟ್ಟದಿದ್ದರೂ ಸರಿ: 'ಹತ್ತು ಗಂಟೆಗೆ ಮ್ಯಾನೇಜರಿಗೆ ಒಂದು ಮೇಲ್ ಹಾಕ್ತೀನಿ.' ಶುರುವಿನಲ್ಲೇ ನಿಮಗೇನು ಬೇಕೆಂದು ಹೇಳಿಬಿಡಿ: 'ದಾರಿ ಹೇಳಬೇಡಿ, ಸುಮ್ಮನೆ ಕೇಳಿಸ್ಕೊಳ್ಳಿ' ಅಥವಾ 'ನೀವಾಗಿದ್ರೆ ಏನ್ಮಾಡ್ತಿದ್ರಿ ಹೇಳಿ'. ಇದನ್ನು ಹೇಳದಿದ್ದರೆ ಕೇಳುವವರು ಪರಿಹಾರ ಕೊಡುತ್ತ ಹೋಗುತ್ತಾರೆ, ನೀವು 'ಅದಾಗಲ್ಲ, ಇದಾಗಲ್ಲ' ಎನ್ನುತ್ತ ಹೋಗುತ್ತೀರಿ, ಕೊನೆಗೆ ಇಬ್ಬರಿಗೂ ಬೇಸರ.

ಪಕ್ಕದವರು ಕುಗ್ಗುತ್ತಿದ್ದರೆ

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರು ಕೆಲಸ ಹೇಳುತ್ತದೆ: ನೋಡಿ, ಆಲಿಸಿ, ಜೋಡಿಸಿ. ಅದನ್ನು ಬರೆದದ್ದು ದುರಂತಗಳಲ್ಲಿ ಸಿಕ್ಕಿಕೊಂಡವರಿಗಾಗಿ, ಆದರೆ ಕೆಲಸದ ಜಾಗಕ್ಕೂ ಅದೇ ಮೂರು ಸಾಲುತ್ತದೆ.

ನೋಡುವುದೆಂದರೆ ಬದಲಾವಣೆಯನ್ನು ನೋಡುವುದು. ಸದಾ ಮೌನಿಯಾದವರು ಮೌನವಾಗಿದ್ದರೆ ಚಿಂತೆಯಿಲ್ಲ. ಮಾತುಗಾರರು ಮೌನವಾದರೆ, ಅಚ್ಚುಕಟ್ಟಿನವರು ತಪ್ಪು ಮಾಡತೊಡಗಿದರೆ, ಹೊತ್ತಿಗೆ ಸರಿಯಾಗಿ ಹೊರಡುತ್ತಿದ್ದವರು ರಾತ್ರಿಯವರೆಗೂ ಕೂತರೆ, ಎರಡು ವಾರ ಹಾಗೇ ನಡೆದರೆ, ಕೇಳಿ. ಎಲ್ಲರ ಮುಂದೆ ಬೇಡ. ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟೂ ಬೇಡ. ಪಕ್ಕಪಕ್ಕ ನಡೆಯುತ್ತ ಕೇಳಿದರೆ ಬಾಯಿ ಬಿಡುವುದು ಸುಲಭ. ಮಾತು ಹೀಗೆ ಸಾಗಬಹುದು:

'ಎರಡು ವಾರದಿಂದ ನೀವು ಊಟಕ್ಕೆ ಬರ್ತಿಲ್ಲ. ಮೊನ್ನೆ ಮೀಟಿಂಗಲ್ಲೂ ಒಂದು ಮಾತಾಡ್ಲಿಲ್ಲ. ಹೇಗಿದ್ದೀರಿ?'
'ಏನಿಲ್ಲ, ಸ್ವಲ್ಪ ಕೆಲಸ.'
'ಹೂಂ.' (ಇಲ್ಲಿ ಹತ್ತು ಹೆಜ್ಜೆ ಸುಮ್ಮನೆ ನಡೆಯಿರಿ.) 'ಕೆಲಸ ಇರೋದು ನಂಗೂ ಗೊತ್ತು. ನಿಜವಾಗ್ಲೂ ಹೇಗಿದ್ದೀರಿ?'
'...ರಾತ್ರಿ ನಿದ್ದೇನೇ ಬರಲ್ಲ. ಮೂರು ಗಂಟೆಗೆ ಎಚ್ಚರ ಆಗುತ್ತೆ, ಆಮೇಲೆ ಬೆಳಗಿನ ತನಕ ಅದೇ ಯೋಚನೆ.'
'ಎಷ್ಟು ದಿನದಿಂದ?'

ಗಮನಿಸಬೇಕಾದ್ದು ಎರಡಿದೆ. ಮೊದಲ ಮಾತು ತೀರ್ಪು ಕೊಡುತ್ತಿಲ್ಲ, ಕಣ್ಣಿಗೆ ಕಂಡದ್ದನ್ನಷ್ಟೇ ಹೇಳುತ್ತದೆ: 'ಡಿಪ್ರೆಸ್ ಆಗಿದ್ದೀರಾ?' ಎಂದಿದ್ದರೆ 'ಇಲ್ಲ' ಎಂಬಲ್ಲಿಗೆ ಮುಗಿಯುತ್ತಿತ್ತು. ಇನ್ನೊಂದು ಆ ಹತ್ತು ಹೆಜ್ಜೆಯ ಮೌನ. 'ಏನಿಲ್ಲ' ಎಂಬುದು ಬಾಗಿಲ ಚಿಲಕ ಇದ್ದಂತೆ. ಮೌನವಾಗಿ ಸ್ವಲ್ಪ ಹೊತ್ತು ನಿಂತವರಿಗೆ ಮಾತ್ರ ಅದು ತೆರೆಯುತ್ತದೆ.

'ಧೈರ್ಯವಾಗಿರಿ', 'ಎಲ್ಲರಿಗೂ ಇರೋದೇ', 'ನನಗೂ ಹೀಗೇ ಆಗಿತ್ತು, ಏನಾಯ್ತು ಗೊತ್ತಾ...' ಈ ಮೂರು ಮಾತು ಒಳ್ಳೆಯ ಮನಸ್ಸಿನಿಂದಲೇ ಬರುತ್ತವೆ, ಆದರೂ ಬಾಗಿಲು ಮುಚ್ಚುತ್ತವೆ. ಮೂರನೆಯದು ಮಾತನ್ನು ಅವರ ಕೈಯಿಂದ ಕಿತ್ತುಕೊಳ್ಳುತ್ತದೆ.

ಜೋಡಿಸುವುದೆಂದರೆ ಮುಂದಿನ ಒಂದು ಹೆಜ್ಜೆಗೆ ಜೊತೆಯಾಗುವುದು. 'ಏನಾದ್ರೂ ಬೇಕಿದ್ರೆ ಹೇಳಿ' ಅಂದರೆ ಕುಗ್ಗಿದವರು ಹೇಳುವುದಿಲ್ಲ. 'ಗುರುವಾರದ ವರದಿ ನಾನು ನೋಡ್ಕೋತೀನಿ, ಆ ಹೊತ್ತಲ್ಲಿ ನೀವು ಡಾಕ್ಟರ್ ಹತ್ರ ಹೋಗಿಬನ್ನಿ. ಅಪಾಯಿಂಟ್‌ಮೆಂಟ್ ಈಗಲೇ ತಗೊಳ್ಳೋಣ್ವಾ?' ಇಂಥ ಮಾತು ಕೆಲಸಕ್ಕೆ ಬರುತ್ತದೆ. ಎರಡು ದಿನ ಬಿಟ್ಟು ಮತ್ತೆ ವಿಚಾರಿಸಿ.

'ಬದುಕಿ ಏನು ಪ್ರಯೋಜನ', 'ನಾನಿಲ್ಲದಿದ್ರೆ ಎಲ್ಲರಿಗೂ ನೆಮ್ಮದಿ' ಎಂಬಂಥ ಮಾತು ಬಂದರೆ ನೇರವಾಗಿ, ಮೆತ್ತಗೆ ಕೇಳಿ: 'ಸಾಯಬೇಕು ಅನ್ನಿಸ್ತಿದೆಯಾ?' ಹೀಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಸುಳ್ಳೆಂದು ಸಂಶೋಧನೆಗಳು ತೋರಿಸಿವೆ. ಎಷ್ಟೋ ಜನರಿಗೆ ಕೇಳಿದವರೊಬ್ಬರು ಸಿಕ್ಕಿದ್ದೇ ಉಸಿರು ಬಂದಂತಾಗುತ್ತದೆ. ಉತ್ತರ 'ಹೌದು' ಆದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಅಪಾಯದ ವಸ್ತುಗಳನ್ನು ದೂರವಿಡಿ, ಮನೆಯವರಿಗೆ ತಿಳಿಸಿ, ನಿಮ್ಮಲ್ಲಿರುವ ಸಹಾಯವಾಣಿಗೆ ಅವರ ಪಕ್ಕದಲ್ಲೇ ಕೂತು ಕರೆಮಾಡಿ, ಯೋಜನೆ ಮಾಡಿಕೊಂಡಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. 'ಯಾರಿಗೂ ಹೇಳಬೇಡಿ' ಎಂಬ ಆಣೆಗೆ ಮಾತ್ರ ಒಪ್ಪಬೇಡಿ.

ಮೇಲಧಿಕಾರಿಯ ಹತ್ತಿರ

ನಿಮ್ಮ ಎರಡು ವಾರದ ಪುಸ್ತಕ ಇಲ್ಲಿ ಕೆಲಸಕ್ಕೆ ಬರುತ್ತದೆ. 'ನಂಗೆ ತುಂಬಾ ಸ್ಟ್ರೆಸ್ ಆಗ್ತಿದೆ ಸಾರ್' ಅಂದರೆ ಸಿಗುವ ಉತ್ತರ 'ಎರಡು ದಿನ ರಜೆ ಹಾಕಿ'. ಅದರ ಬದಲು ಕಂಡ ಸಂಗತಿ, ಅದರಿಂದ ಕೆಲಸಕ್ಕೆ ಆಗುತ್ತಿರುವ ತೊಂದರೆ, ನಿಮ್ಮ ಬೇಡಿಕೆ, ಎಷ್ಟು ದಿನಕ್ಕೆ, ಈ ನಾಲ್ಕನ್ನು ಇದೇ ಕ್ರಮದಲ್ಲಿ ಹೇಳಿ: 'ಸಾರ್, ಕಳೆದ ಎರಡು ವಾರದಲ್ಲಿ ಆರು ಸಲ ಮಧ್ಯಾಹ್ನದ ಮೇಲೆ ಅರ್ಜೆಂಟ್ ಕೆಲಸ ಬಂತು. ಅದರಿಂದ ತಿಂಗಳ ವರದಿ ಎರಡು ಸಲ ತಪ್ಪಾಯ್ತು. ಮುಂದಿನ ನಾಲ್ಕು ವಾರ ಅರ್ಜೆಂಟ್ ಇರೋದನ್ನ ಮಧ್ಯಾಹ್ನ ಹನ್ನೆರಡರ ಒಳಗೆ ಕೊಡೋಕಾಗುತ್ತಾ? ಆಮೇಲೆ ಹೇಗಾಯ್ತು ಅಂತ ನೋಡೋಣ.' ಗಡುವಿಟ್ಟು ಕೇಳಿದ್ದನ್ನು ಒಪ್ಪುವುದು ಅವರಿಗೂ ಸುಲಭ. ಮಾತು ಮುಗಿದ ದಿನವೇ ಒಪ್ಪಿದ್ದನ್ನು ಮೂರು ಸಾಲಿನ ಮೇಲ್ ಮಾಡಿ. ಮನಸ್ಸಿನ ಕಾಯಿಲೆಯ ಹೆಸರು, ಔಷಧಿಯ ವಿವರ ಹೇಳಲೇಬೇಕಿಲ್ಲ. ಏನು ಬೇಕು ಎಂಬುದು ಸಾಕು. ಹೊರೆಗೆ ಮೂಲ ಆ ಮೇಲಧಿಕಾರಿಯೇ ಆಗಿದ್ದರೆ ಮಾತ್ರ ಒಬ್ಬರೇ ಹೋಗಬೇಡಿ. ಮೊದಲು ದಿನಾಂಕ ಸಮೇತ ಬರೆದಿಟ್ಟುಕೊಂಡು ಎಚ್‌ಆರ್ ಅಥವಾ ಸಂಘದವರ ಜೊತೆ ಮಾತಾಡಿ.

ನೀವೇ ತಂಡ ನಡೆಸುವವರಾದರೆ ಇದೊಂದನ್ನು ತಿಳಿದಿರಿ. 1990ರ ದಶಕದಲ್ಲಿ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಯ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳನ್ನು ಎಣಿಸಿದರು. ಒಳ್ಳೆಯ ಹೊಂದಾಣಿಕೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿದ್ದವು! ಕೆದಕಿ ನೋಡಿದರೆ ಆ ತಂಡಗಳಲ್ಲಿ ತಪ್ಪನ್ನು ಹೇಳಲು ಯಾರಿಗೂ ಭಯವಿರಲಿಲ್ಲ, ಉಳಿದೆಡೆ ಮುಚ್ಚಿಡುತ್ತಿದ್ದರು. ಯಾರೂ ದೂರು ಹೇಳದ ನಿಮ್ಮ ತಂಡದಲ್ಲಿ ಎಲ್ಲವೂ ಸರಿಯಿದೆ ಎಂದು ಭಾವಿಸುವ ಮುನ್ನ ಇದನ್ನು ನೆನೆಯಿರಿ.

ದಿನಕ್ಕೆ ಬಾಗಿಲು ಹಾಕುವುದು

ಕೆಲಸ ಮುಗಿದರೂ ತಲೆಯೊಳಗೆ ಮುಗಿಯದಿರುವುದೇ ದಣಿವನ್ನು ಉಳಿಸುವುದು. ಕೊನೆಯ ಹತ್ತು ನಿಮಿಷ ಹೊಸದೇನನ್ನೂ ತೆರೆಯಬೇಡಿ. ಅರ್ಧಕ್ಕೆ ನಿಂತಿರುವುದನ್ನೆಲ್ಲ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ಮೊದಲ ಹೆಜ್ಜೆ ಮತ್ತು ಹೊತ್ತು ಬರೆಯಿರಿ. 'ಬಜೆಟ್' ಎಂದಲ್ಲ, 'ಬಜೆಟ್: ನಾಳೆ ಒಂಬತ್ತೂವರೆಗೆ ಮೂರನೇ ಪುಟದ ಮೊತ್ತ ಸರಿಮಾಡು'. ಮುಗಿಯದ ಕೆಲಸಕ್ಕೆ ಖಚಿತ ಯೋಜನೆ ಇದ್ದರೆ ಅದು ತಲೆಗೆ ನುಗ್ಗಿ ಕಾಡುವುದು ಕಡಿಮೆ. 2018ರಲ್ಲಿ ನಿದ್ದೆಯ ಸಂಶೋಧಕ ಮೈಕೆಲ್ ಸ್ಕಲಿನ್ ಅವರ ತಂಡ ನಡೆಸಿದ ಪ್ರಯೋಗದಲ್ಲಿ, ಮಲಗುವ ಮುನ್ನ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದವರು, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಪಟ್ಟಿ ಎಷ್ಟು ವಿವರವಾಗಿತ್ತೋ ನಿದ್ದೆ ಅಷ್ಟು ಬೇಗ.

ಆಮೇಲೆ ದೇಹಕ್ಕೆ ಒಂದು ಗುರುತು ಬೇಕು: ಬಟ್ಟೆ ಬದಲಿಸುವುದು, ಹತ್ತು ನಿಮಿಷ ನಡೆಯುವುದು, ಮುಖ ತೊಳೆಯುವುದು, ದಿನಾ ಅದೇ. ಕೆಲಸದ ಸಂದೇಶಗಳ ಸದ್ದು ಆರಿಸಿ. ಕಾಫಿ ಪ್ರಿಯರು ಮಲಗುವುದಕ್ಕೆ ಕನಿಷ್ಠ ಆರು ಗಂಟೆ ಮುಂಚೆ ನಿಲ್ಲಿಸಬೇಕು, ಎಂಟು ಗಂಟೆಯಾದರೆ ಇನ್ನೂ ಒಳ್ಳೆಯದು. ಕೆಫೀನ್ ಅರ್ಧಕ್ಕೆ ಇಳಿಯಲು ಸಾಮಾನ್ಯವಾಗಿ ಐದು ಗಂಟೆ ಬೇಕು.

ವೈದ್ಯರ ಹತ್ತಿರ ಯಾವಾಗ

ಎರಡು ವಾರ ಹೆಚ್ಚಿನ ದಿನಗಳಲ್ಲಿ ಬೇಸರ ಆವರಿಸಿದ್ದರೆ, ಹಿಂದೆ ಇಷ್ಟವಾಗುತ್ತಿದ್ದ ಯಾವುದೂ ಬೇಡವಾಗಿದ್ದರೆ, ನಿದ್ದೆ ಅಥವಾ ಹಸಿವು ಕೆಟ್ಟಿದ್ದರೆ, ದಿನದ ಕೊನೆಗೆ ಕುಡಿತವೇ ಮದ್ದಾಗಿದ್ದರೆ, ಸಾವಿನ ಯೋಚನೆ ಸುಳಿದಿದ್ದರೆ, ಸ್ನೇಹಿತರ ಮಾತು ಸಾಲದು. ಖಿನ್ನತೆಯನ್ನು ಗುರುತಿಸಲು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ವೈದ್ಯರು ಬಳಸುತ್ತಾರೆ. 0ಯಿಂದ 27ರವರೆಗಿನ ಅಂಕದಲ್ಲಿ 10 ಅಥವಾ ಹೆಚ್ಚು ಬಂದರೆ ಪರೀಕ್ಷೆ ಮಾಡಿಸಲೇಬೇಕು. ಒಂಬತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ 'ಇಲ್ಲವೇ ಇಲ್ಲ' ಬಿಟ್ಟು ಬೇರೆ ಯಾವ ಉತ್ತರ ಕೊಟ್ಟಿದ್ದರೂ ಒಟ್ಟು ಅಂಕ ಎಷ್ಟೇ ಇರಲಿ ಅಂದೇ ಯಾರಿಗಾದರೂ ಹೇಳಿ. ಸದಾ ಸುಸ್ತು ಅನ್ನುವವರು ರಕ್ತಹೀನತೆ, ಥೈರಾಯ್ಡ್ ಪರೀಕ್ಷೆಗಳ ಬಗ್ಗೆಯೂ ಕೇಳಿ. ದೇಹದ ಕಾಯಿಲೆ ಮನಸ್ಸಿನ ವೇಷ ಹಾಕಿಕೊಂಡು ಬರುವುದು ಅಪರೂಪವೇನಲ್ಲ. ಆ ಎರಡು ವಾರದ ಪುಸ್ತಕವನ್ನು ಜೊತೆಗೊಯ್ಯಿರಿ, ಹತ್ತು ನಿಮಿಷದ ಭೇಟಿಯಲ್ಲಿ ಅದು ಬಹಳ ಹೇಳುತ್ತದೆ.

ರಜೆ ಮುಗಿಸಿ ಮರಳಿದವರು

ಕೆಲವು ವಾರ ರಜೆಯಲ್ಲಿದ್ದು ಬರುವವರು ಮೊದಲ ದಿನವೇ ಎಂಟು ಗಂಟೆ ದುಡಿದು ತೋರಿಸಲು ಹೋಗುತ್ತಾರೆ, ಎರಡನೇ ವಾರಕ್ಕೆ ಮತ್ತೆ ಕುಸಿಯುತ್ತಾರೆ. ಸಾಧ್ಯವಿದ್ದರೆ ವಾರದ ನಡುವೆ, ಬುಧವಾರವೋ ಗುರುವಾರವೋ ಸೇರಿಕೊಳ್ಳಿ, ಎರಡು ಮೂರು ದಿನಕ್ಕೇ ವಿಶ್ರಾಂತಿ ಸಿಗುತ್ತದೆ. ಮೊದಲ ವಾರ ಅರ್ಧ ಹೊತ್ತು, ಆಮೇಲೆ ವಾರವಾರ ಸ್ವಲ್ಪ ಸ್ವಲ್ಪ ಹೆಚ್ಚಿಸಿ ನಾಲ್ಕನೆಯ ವಾರಕ್ಕೆ ಪೂರ್ತಿ ಹೊತ್ತು, ಇಂಥ ಏರ್ಪಾಡನ್ನು ಮೊದಲೇ ಬರವಣಿಗೆಯಲ್ಲಿ ಮಾಡಿಕೊಳ್ಳಿ. ಹಳೆಯ ಮೇಲ್‌ಗಳನ್ನೆಲ್ಲ ಓದಲು ಕೂರಬೇಡಿ. ಇನ್ನೂ ಬಾಕಿಯಿರುವುದು ಯಾವುದೆಂದು ಸಹೋದ್ಯೋಗಿಯೊಬ್ಬರನ್ನು ಕೇಳಿದರೆ ಹದಿನೈದು ನಿಮಿಷದಲ್ಲಿ ತಿಳಿಯುತ್ತದೆ.

ಮರಳಿದವರ ಅಕ್ಕಪಕ್ಕ ಇರುವವರಿಗೆ: ಏನಾಗಿತ್ತು ಎಂದು ಕೆದಕಬೇಡಿ, ಏನೂ ಆಗೇ ಇಲ್ಲವೆಂಬಂತೆ ತಲೆ ತಗ್ಗಿಸಿ ಹೋಗಲೂ ಬೇಡಿ. ಮೊದಲ ದಿನ ಅವರಿಗೆ ಕಷ್ಟವಾಗುವುದು ಒಳಗೆ ಕಾಲಿಡುವ ಗಳಿಗೆ ಮತ್ತು ಊಟದ ಹೊತ್ತಿನಲ್ಲಿ ಎಲ್ಲಿ ಕೂರುವುದು ಎಂಬ ಪ್ರಶ್ನೆ. ಹಿಂದಿನ ಸಂಜೆಯೇ ಒಂದು ಸಂದೇಶ ಹಾಕಿ: 'ನಾಳೆ ಬರ್ತಿದ್ದೀರಂತೆ, ಖುಷಿಯಾಯ್ತು. ಒಂಬತ್ತಕ್ಕೆ ಗೇಟ್ ಹತ್ರ ಇರ್ತೀನಿ, ಒಟ್ಟಿಗೆ ಒಳಗೆ ಹೋಗೋಣ. ಮಧ್ಯಾಹ್ನ ನಿಮಗೆ ಜಾಗ ಹಿಡಿದಿಟ್ಟಿರ್ತೀನಿ.'